ಬೆಳಗಿನ ಪರೀಕ್ಷೆಯ ಫೈಲು

ಚಿತ್ರದುರ್ಗದ ಖಾಸಗಿ ಸ್ಕ್ಯಾನ್ ಕೇಂದ್ರವೊಂದರಲ್ಲಿ ನಾನು ಟೆಕ್ನಿಷಿಯನ್ ಆಗಿ ಸೇರಿದಾಗ ಅಲ್ಲೊಂದು ಗಾಮಾ ಕ್ಯಾಮೆರಾ ಇತ್ತು. ರೋಗಿಗೆ ಕೊಟ್ಟ ವಿಕಿರಣದ ಔಷಧಿ ದೇಹದೊಳಗೆ ಎಲ್ಲೆಲ್ಲಿ ಸೇರಿದೆ ಎಂದು ಅದು ಚಿತ್ರ ತೆಗೆಯುತ್ತಿತ್ತು. ದಿನಾ ಬೆಳಿಗ್ಗೆ, ರೋಗಿಗಳು ಬರುವ ಮೊದಲೇ, ಯಂತ್ರ ನೆಟ್ಟಗಿದೆಯೇ ಎಂದು ಪರೀಕ್ಷಿಸಬೇಕು. ಸೀಸದ ಪೆಟ್ಟಿಗೆಯಲ್ಲಿರುವ ವಿಕಿರಣ ಸೂಸುವ ಹಲಗೆಯನ್ನು ಕ್ಯಾಮೆರಾದ ಮುಂದಿಟ್ಟರೆ ಪರದೆ ತುಂಬ ಸಮನಾಗಿ ಚುಕ್ಕಿಗಳು ಹರಡಿಕೊಳ್ಳಬೇಕು; ಎಲ್ಲಾದರೂ ಕಪ್ಪು ಬಿಟ್ಟರೆ ಯಂತ್ರದಲ್ಲಿ ದೋಷವಿದೆ ಎಂದರ್ಥ.

ಆ ಕೆಲಸವನ್ನು ನನ್ನ ಸೀನಿಯರ್ ಯಾರಿಗೂ ಬಿಡುತ್ತಿರಲಿಲ್ಲ. ಚಿಕ್ಕಜಾಜೂರಿನವರು, ಮಾತು ಕಡಿಮೆ. ನಾನು ಹೊಸದುರ್ಗದ ಬಸ್ಸಿಳಿದು ಬರುವಷ್ಟರಲ್ಲಿ ಚಿತ್ರ ಫೈಲಿನಲ್ಲಿರುತ್ತಿತ್ತು. "ಆಗೈತೆ ಕಣಮ್ಮ, ನೀನು ಪೇಶೆಂಟ್ ಕರಿ," ಎನ್ನುತ್ತಿದ್ದರು.

ಒಂದು ದಿನ ಏನೋ ಅನ್ನಿಸಿ ಫೈಲಿನಿಂದ ಸೋಮವಾರದ ಪರೀಕ್ಷೆಯ ಫಿಲ್ಮ್ ತೆಗೆದು ಅದರ ಮೇಲೆ ಗುರುವಾರದ್ದನ್ನಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಚುಕ್ಕಿಯ ಮೇಲೆ ಚುಕ್ಕಿ ಕೂತಿತು. ಎರಚಿದ ರಾಗಿ ಎರಡು ಸಲ ಒಂದೇ ಥರ ಬೀಳುವುದುಂಟೇ? ಹಳೆಯ ಚಿತ್ರಕ್ಕೆ ಹೊಸ ತಾರೀಖು ಹಾಕುತ್ತಿದ್ದಾರೆಂಬ ಗುಮಾನಿ ಬಂತು. ಕೇಳಲು ಧೈರ್ಯವಾಗಲಿಲ್ಲ. ಸಂಜೆ ಸೀಸದ ಪೆಟ್ಟಿಗೆಯ ಮುಚ್ಚಳಕ್ಕೂ ಅಂಚಿಗೂ ಸೇರಿಸಿ ಒಂದು ಬಿಳಿ ದಾರ ಅಂಟಿಸಿದೆ. ಪೆಟ್ಟಿಗೆ ತೆರೆದರೆ ಅದು ಕಿತ್ತು ಬರಬೇಕು. ಮರುದಿನ ಫೈಲಿನಲ್ಲಿ ಆ ದಿನದ ತಾರೀಖಿನ ಚಿತ್ರವಿತ್ತು. ದಾರ ಅಲುಗಿರಲಿಲ್ಲ.

ಅವತ್ತೇ ಹರಿಯಬ್ಬೆಯಿಂದ ಕುರಿ ಸಾಕುವ ಹಿರಿಯರೊಬ್ಬರು ಲಿವರ್ ಸ್ಕ್ಯಾನಿಗೆ ಬಂದರು. ಚಿತ್ರದಲ್ಲಿ ಲಿವರಿನ ನಡುವೆ ದುಂಡನೆಯ ಕಪ್ಪು ಮಚ್ಚೆ. ಗೆಡ್ಡೆಯಿದ್ದರೆ ಹಾಗೆಯೇ ಕಾಣುತ್ತದೆ. ಸೀನಿಯರ್ ಅದನ್ನು ಡಾಕ್ಟರಿಗೆ ಕೊಡಲು ಹೊರಟರು.

"ಸರ್, ಒಂದು ಗೇಣು ಸರಿಸಿ ಇನ್ನೊಂದು ತೆಗೆಯಾಣ," ಎಂದವಳೇ ಮಂಚ ಸರಿಸಿದೆ. ಪರದೆಯಲ್ಲಿ ಲಿವರ್ ಪಕ್ಕಕ್ಕೆ ಹೋಯಿತು. ಮಚ್ಚೆ ಇದ್ದಲ್ಲೇ ಉಳಿಯಿತು. ಅದು ಹಿರಿಯರದಲ್ಲ, ಯಂತ್ರದ್ದು.

ಕಾರಿಡಾರಿನಲ್ಲಿ ಕೇಳಿದೆ: "ಪೆಟ್ಟಿಗೆ ತೆಗೆದು ಎಷ್ಟು ದಿನ ಆಯ್ತು ಸರ್?"

ಅವರು ಡಾಕ್ಟರ ಕೋಣೆಯ ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ತಿಂಗಳಾಗೈತೆ. ನಮ್ಮನೇಲಿ ಎರಡು ಸಲ ಬಸಿರು ನಿಲ್ಲಲಿಲ್ಲ. ಈಗ ಮೂರನೇದು. ಆ ಹಲಗೆ ಮುಟ್ಟಿ ಮನೆಗೆ ಹೋಗಾಕೆ ಮನಸ್ಸು ಬರಲ್ಲ ಕಣಮ್ಮ."

"ಅದರಿಂದ ಅಲ್ಲ ಅಂತ ನಿಮಗೇ ಗೊತ್ತಲ್ಲ ಸರ್."

"ಗೊತ್ತೈತೆ. ಆದ್ರೂ ಅನುಮಾನ ಹೋಗಲ್ಲ."

ಡಾಕ್ಟರಿಗೆ ಅವರೇ ಎಲ್ಲ ಹೇಳಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಚಿತ್ರದಲ್ಲಿ ಕಪ್ಪು ಮಚ್ಚೆ ಕಂಡಿದೆ, ಮತ್ತೊಮ್ಮೆ ತೆಗೆಯಬೇಕು ಎಂದು ಹಿರಿಯರಿಗೆ ಹೇಳಿ ಕಳಿಸಿ, ಯಂತ್ರ ನಿಲ್ಲಿಸಿದರು. ಎಂಜಿನಿಯರ್ ಬಂದು, ಒಳಗೆ ಆ ಮಚ್ಚೆಯ ಜಾಗದಲ್ಲಿ ಸೊರಗಿದ್ದ ಒಂದು ಟ್ಯೂಬ್ ಬದಲಿಸಿದ. ಸೀನಿಯರನ್ನು ಚೀಟಿ ಬರೆಯುವ ಕೌಂಟರಿಗೆ ಹಾಕಿದರು. ಬೆಳಗಿನ ಪರೀಕ್ಷೆ ನನ್ನ ಪಾಲಿಗೆ ಬಂತು.

ಮತ್ತೆ ಕರೆಸಿದಾಗ ಹಿರಿಯರ ಲಿವರ್ ಸ್ವಚ್ಛವಾಗಿ ಕಂಡಿತು. ಅವರಿಗೇನೂ ಖುಷಿಯಾದಂತೆ ಕಾಣಲಿಲ್ಲ. "ಆವತ್ತು ಕಪ್ಪೈತೆ ಅಂದ್ರಿ, ಇವತ್ತು ಇಲ್ಲ ಅಂತೀರಿ. ಯಾವ್ದು ನಂಬ್ಲಮ್ಮ?"

ಎರಡೂ ಚಿತ್ರಗಳನ್ನು ಕೈಗೆ ಕೊಟ್ಟು ಬಿಡಿಸಿ ಹೇಳಿದೆ. ಕೊನೆವರೆಗೂ ಕೇಳಿಸಿಕೊಂಡರು. ಆಮೇಲೆ ಕಂಬಳಿ ಹೆಗಲಿಗೇರಿಸಿ, ಬಾಗಿಲ ಹತ್ತಿರ ನಿಂತು ಯಂತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ತಿಳೀತು ಕಣಮ್ಮ. ಆದ್ರೂ ಅನುಮಾನ," ಎಂದು ಹೋದರು.