ಇನ್ನೊಂದು ಒತ್ತು

ಊರಿನಲ್ಲಿ ಅವನನ್ನು ಎಲ್ಲರೂ ‘ಬಂದೆ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಟ್ರ್ಯಾಕ್ಟರ್, ಕೊಯ್ಲಿನ ಯಂತ್ರ, ನೀರಿನ ಪಂಪು, ಹೊಲದಲ್ಲಿ ಏನು ಕೆಟ್ಟು ನಿಂತರೂ ಅವನಿಗೇ ಫೋನು. ಆ ಕಡೆಯವರು ಬಾಯಿ ತೆರೆಯುವ ಮೊದಲೇ ಈ ಕಡೆಯಿಂದ ಉತ್ತರ ಸಿದ್ಧ: “ಬಂದೆ, ದಾರೀಲಿದ್ದೀನಿ.” ಹಾಗೆ ಹೇಳುವಾಗ ಅವನು ಇನ್ಯಾರದೋ ಟ್ರ್ಯಾಕ್ಟರಿನ ಹೊಟ್ಟೆಯಡಿ ಅಂಗಾತ ಮಲಗಿರುತ್ತಿದ್ದ. ‘ಇಲ್ಲ’ ಎನ್ನುವ ಮಾತು ಅವನ ಬಾಯಿಗೆ ಒಗ್ಗಿರಲಿಲ್ಲ. ಇಂಥವರಿಗೆ ಒಳ್ಳೆಯವರೆಂಬ ಹೆಸರು ಬಲು ಬೇಗ ಬರುತ್ತದೆ, ಅದರ ಕಷ್ಟ ಕಾದು ಕೂತವರಿಗೆ. ಆದರೂ ಯಾರೂ ಅವನನ್ನು ಸುಳ್ಳುಗಾರ ಎನ್ನಲಿಲ್ಲ. ತಡವಾದರೂ ಬರುತ್ತಿದ್ದ, ಬಂದರೆ ಸರಿಮಾಡದೆ ಏಳುತ್ತಿರಲಿಲ್ಲ.

ಅವನ ಗೆಳೆಯ ಟೈಲರ್. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಂದೇ ಕೋಲಿನಿಂದ ಏಟು ತಿಂದವರು. ಕೊಯ್ಲು ಶುರುವಾಗುವ ಹೊತ್ತಿಗೆ ಸರಿಯಾಗಿ ಟೈಲರ್ ಅಂಗಡಿಯ ಅಟ್ಟದಿಂದ ಬಟ್ಟೆಯ ಗಂಟು ಇಳಿಸಲು ಹೋಗಿ, ಏಣಿಯ ಸಮೇತ ತಾನೇ ಇಳಿದ. ಸೊಂಟದ ಮೂಳೆ ಮುರಿಯಿತು. ಆಳು ಭಾರಿ, ಹೆಂಡತಿ ಕಡ್ಡಿ. ಅವನನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ ಕೂರಿಸುವುದು, ಬಚ್ಚಲಿಗೆ ಒಯ್ಯುವುದು ಅವಳೊಬ್ಬಳ ಕೈಲಾಗುವ ಮಾತಲ್ಲ. ಅವಳು ಕೇಳುವ ಮೊದಲೇ ಮೇಸ್ತ್ರಿ ಹೇಳಿದ್ದ: “ನಾನಿಲ್ವಾ ತಂಗಿ? ಬೆಳಿಗ್ಗೆ, ಸಂಜೆ ಬಂದೆ ಅಂತಲೇ ಇಟ್ಕೋ.”

ಬರುತ್ತಲೂ ಇದ್ದ. ಟೈಲರ್ ಎರಡೂ ಕೈಗಳನ್ನು ಅವನ ಕೊರಳಿಗೆ ಹಾಕುತ್ತಿದ್ದ, ಮೇಸ್ತ್ರಿ ಉಸಿರು ಬಿಗಿಹಿಡಿದು ಎತ್ತುತ್ತಿದ್ದ.

“ಮೆಲ್ಲಗೆ, ಎಂಜಿನ್ ಅಲ್ಲ ಕಣೋ ನಾನು.”

“ಎಂಜಿನ್ ಆಗಿದ್ರೆ ಚೈನ್ ಹಾಕಿ ಎತ್ತುತಿದ್ದೆ. ಅದು ನಿನ್ನ ಹಾಗೆ ವಟಗುಟ್ಟೋದೂ ಇಲ್ಲ.”

ದಿನವೂ ಅದೇ ಮಾತು, ದಿನವೂ ಅದೇ ನಗು. ಕೆಲವು ದಿನ ಮೇಸ್ತ್ರಿ ಬರುವಾಗ ಬಿಸಿಲೇರಿರುತ್ತಿತ್ತು. ಟೈಲರ್ ಹಲ್ಲು ಕಚ್ಚಿ ತಡೆದುಕೊಂಡು ಮಲಗಿರುತ್ತಿದ್ದ.

ಅದೇ ದಿನಗಳಲ್ಲಿ ಮೇಸ್ತ್ರಿಯ ಸೋದರಮಾವ ತೀರಿಕೊಂಡ. ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ. ಮನೆ ತುಂಬ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಟ್ಟಿದ್ದ. ‘ನನ್ನನ್ನಾದ್ರೂ ಬಿಟ್ಟಾರು, ತಟ್ಟೇನ ಇನ್ನೊಬ್ಬರ ಕೈಗೆ ಬಿಡೋರಲ್ಲ’ ಎಂದು ಅತ್ತೆಯೇ ಹೇಳುತ್ತಿದ್ದಳು. ಆ ರಾಶಿಯಲ್ಲಿ ಒಂದು, ಟೈಲರನ ತಾಯಿ ಹಾಡಿದ್ದು. ಪ್ರಾಯದಲ್ಲಿ ಅವಳು ನಾಟಕದ ಕಂಪನಿಯೊಂದರಲ್ಲಿದ್ದಳು. ಒಂದೇ ಒಂದು ಹಾಡು ತಟ್ಟೆಯಾಯಿತು, ಮಗ ಹೆಜ್ಜೆಯಿಡುವ ಮೊದಲೇ ಅವಳು ತೀರಿಹೋದಳು. ಟೈಲರನಿಗೆ ಅಮ್ಮ ಎಂದರೆ ಗೋಡೆಯ ಮೇಲಿನ ಒಂದು ಫೋಟೋ ಮತ್ತು ಅರ್ಧ ಹಾಡು. ಚಿಕ್ಕಂದಿನಲ್ಲಿ ಮಾವನ ಕಿಟಕಿಯ ಹೊರಗೆ ನಿಂತು ಕದ್ದು ಕೇಳುತ್ತಿದ್ದಾಗ, ಮಾವ ಅವನನ್ನು ಕಂಡು ನಡುವೆಯೇ ಮುಳ್ಳೆತ್ತಿದ್ದ. ಆಮೇಲೆ ಎಷ್ಟು ಅಂಗಲಾಚಿದರೂ ‘ಸವೆದುಹೋಗುತ್ತೆ’ ಎಂಬ ಒಂದೇ ಮಾತು. ಇನ್ನೊಂದು ಪ್ರತಿಗಾಗಿ ಟೈಲರ್ ಹುಡುಕದ ಜಾಗವಿಲ್ಲ. ಎಲ್ಲಿಯೂ ಸಿಗಲಿಲ್ಲ.

ಈಗ ಅತ್ತೆ ಎಲ್ಲವನ್ನೂ ಅಳಿಯನಿಗೇ ಒಪ್ಪಿಸಿದಳು. ಗ್ರಾಮಫೋನೂ ಜೊತೆಗೆ ಬಂತು. “ಅರಗಿಂದು ಕಣಪ್ಪಾ ಇವು. ಬಿಸಿಲಿಗೆ ಇಡ್ಬೇಡ,” ಎಂದಳು.

“ಆಯ್ತು ಅತ್ತೆ, ನನಗೆ ಗೊತ್ತಿಲ್ವಾ?”

ಪೆಟ್ಟಿಗೆಗಳನ್ನು ವ್ಯಾನಿನ ಹಿಂದೆ, ತಾಡಪಾಲಿನ ನೆರಳಲ್ಲಿ ಜೋಡಿಸಿದ. ಆ ಒಂದು ತಟ್ಟೆಯನ್ನು ಮಾತ್ರ ಹುಡುಕಿ ತೆಗೆದು, ಒಡೆದೀತೆಂಬ ಹೆದರಿಕೆಯಿಂದ, ಕಣ್ಣೆದುರೇ ಇರಲೆಂದು ವ್ಯಾನಿನ ಮುಂಗಾಜಿನ ಬುಡದಲ್ಲಿ ಇಟ್ಟುಕೊಂಡ. ನೇರ ಟೈಲರನ ಮನೆಗೇ ಹೋಗುವುದೆಂದು ಹೊರಟಿದ್ದ. ಸುದ್ದಿ ತಡೆಯಲಾರದೆ ದಾರಿಯಲ್ಲೇ ಫೋನು ಮಾಡಿ ಹೇಳಿಯೂಬಿಟ್ಟ. ಆ ಫೋನು ಇಟ್ಟ ಮರುಕ್ಷಣ ಇನ್ನೊಂದು ಬಂತು. ಕೊಯ್ಲಿನ ಯಂತ್ರ ನಟ್ಟನಡು ಹೊಲದಲ್ಲಿ ಬೆಲ್ಟು ಹರಿದು ನಿಂತಿತ್ತು, ಮೇಲೆ ಮೋಡದ ಹೆದರಿಕೆ. ಇವನ ಬಾಯಿ ಇವನ ಮಾತು ಕೇಳಬೇಕಲ್ಲ: “ಬಂದೆ, ದಾರೀಲಿದ್ದೀನಿ.”

ಮೋಡ ಬರಲಿಲ್ಲ. ಮಧ್ಯಾಹ್ನವಿಡೀ ವ್ಯಾನು ಬಟಾಬಯಲಿನಲ್ಲಿ ಬೆಂದಿತು. ಬೆಲ್ಟು ಕೂರಿಸಿ, ಕೈಯೊರೆಸಿಕೊಂಡು ಬಂದು ನೋಡಿದರೆ ಹಿಂದಿನ ತಟ್ಟೆಗಳೆಲ್ಲ ನೆರಳಲ್ಲಿ ಹಾಗೇ ಇದ್ದವು. ಮುಂದಿನದು ನಡು ಉಬ್ಬಿ, ಅಂಚು ಜೋತು, ಒಣಗಿದ ಎಲೆಯಂತೆ ಸೊಟ್ಟಗಾಗಿತ್ತು. ಆಗಲೇ ಹೋಗಿ ಹೇಳಿದ್ದರೆ, ತಿಳಿದವರ ಕೈಗೆ ಕೊಟ್ಟಿದ್ದರೆ, ಹಾಡು ಉಳಿಯುತ್ತಿತ್ತೋ ಏನೋ. ಆದರೆ ಸೊಟ್ಟಗಾದದ್ದನ್ನು ನೆಟ್ಟಗೆ ಮಾಡುವುದೇ ಅವನ ಕಸುಬಲ್ಲವೇ? ಬಾಗಿದ ಶಾಫ್ಟನ್ನು ಎರಡು ದಿಮ್ಮಿಯ ಮೇಲೆ ಇಟ್ಟು, ಉಬ್ಬಿದ ಕಡೆ ಪ್ರೆಸ್ಸಿನಿಂದ ಒತ್ತುವವನು ಅವನು. ನೆಟ್ಟಗಾದ ಮೇಲೂ ಇನ್ನೊಂದು ಒತ್ತು ಕೊಡಬೇಕು, ಏಕೆಂದರೆ ಕಬ್ಬಿಣ ಬಿಟ್ಟ ತಕ್ಷಣ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಆ ಇನ್ನೊಂದು ಒತ್ತಿನಲ್ಲೇ ಅವನ ಕೈಗುಣವಿದೆ ಎಂದು ಊರೆಲ್ಲ ಹೊಗಳುತ್ತಿತ್ತು.

ವರ್ಕ್‌ಶಾಪಿನ ಬಾಗಿಲು ಹಾಕಿಕೊಂಡು, ತಟ್ಟೆಯ ಕೆಳಗೂ ಮೇಲೂ ಬಟ್ಟೆ ಹಾಸಿ, ಎರಡು ಮರದ ಪಟ್ಟಿಯ ಮೇಲೆ ಇಟ್ಟ. ಅಷ್ಟರಲ್ಲಿ ಅದು ತಣಿದು ಗಟ್ಟಿಯಾಗಿತ್ತು. ಗ್ಯಾಸ್ ದೀಪದಿಂದ ದೂರದಿಂದಲೇ ಬೆಚ್ಚಗೆ ಮಾಡಿದ. ಪ್ರೆಸ್ಸಿನ ಹಿಡಿಯನ್ನು ಬೆರಳಲ್ಲಿ ಹಿಡಿದು ಒತ್ತಿದ. ಉಬ್ಬು ಇಳಿಯಿತು, ನೆಟ್ಟಗಾಯಿತು! ಅಲ್ಲಿಗೆ ನಿಲ್ಲಿಸಬಾರದೇ? ಕೈ ಕೇಳಲಿಲ್ಲ. ಇನ್ನೊಂದು ಒತ್ತು ಕೊಟ್ಟ. ಬಟ್ಟೆಯೊಳಗಿಂದ ಚಿಕ್ಕದೊಂದು ಸದ್ದು ಬಂತು.

ಮೂರು ತುಂಡು. ಅವನು ಅವನ್ನು ಸ್ಪ್ಯಾನರುಗಳ ಪೆಟ್ಟಿಗೆಯ ಕೆಳಗೆ ಕದ್ದ ಮಾಲಿನಂತೆ ಬಚ್ಚಿಟ್ಟ.

“ಎಲ್ಲೋ ತಟ್ಟೆ?” ಎಂದ ಟೈಲರ್, ಸಂಜೆ ಎತ್ತಲು ಹೋದ ಮೇಸ್ತ್ರಿಯನ್ನು ಕಂಡು. ಮುಖ ಕ್ಷೌರವಾಗಿತ್ತು, ಇಸ್ತ್ರಿಯ ಶರ್ಟು ತೊಟ್ಟಿದ್ದ.

“ಗ್ರಾಮಫೋನಿಗೆ ಮುಳ್ಳಿಲ್ಲ. ತರಿಸ್ತಿದ್ದೀನಿ.”

“ಇಷ್ಟು ವರ್ಷ ಕಾದಿಲ್ವಾ, ಇನ್ನು ನಾಲ್ಕು ದಿನ. ಅರ್ಧ ಕೇಳಿದ್ದೀನಿ, ಉಳಿದರ್ಧ ಎಲ್ಲಿಗೆ ಹೋಗುತ್ತೆ?”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂದಿನಿಂದ ಮೇಸ್ತ್ರಿ ಆ ಮನೆಯಲ್ಲಿ ಕಣ್ಣೆತ್ತುವುದನ್ನೇ ಬಿಟ್ಟ. ಎತ್ತುವಾಗ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ, ಗೋಡೆಯ ಮೇಲೆ ಆ ಫೋಟೋ ಬೇರೆ. ಮುಳ್ಳು ಬರಲಿಲ್ಲ, ಬಂದದ್ದು ಸರಿಯಿಲ್ಲ, ಅಂಗಡಿಯವನು ಊರಲ್ಲಿಲ್ಲ: ದಿನಕ್ಕೊಂದು ಸುಳ್ಳು. ನಾಚಿಕೆ ಎಷ್ಟಿತ್ತೆಂದರೆ ಅವನು ಮೊದಲಿಗಿಂತ ಬೇಗ ಬರತೊಡಗಿದ, ಬೇಡವೆಂದರೂ ನೀರು ತುಂಬಿಸಿಕೊಟ್ಟ, ಮನೆಯ ಫ್ಯಾನು ಬಿಚ್ಚಿ ಎಣ್ಣೆ ಬಿಟ್ಟ. “ಒಡಹುಟ್ಟಿದೋರೂ ಹೀಗೆ ಮಾಡಲ್ಲ ಅಣ್ಣಾ,” ಎಂದಳು ಟೈಲರನ ಹೆಂಡತಿ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ.

ಒಂದು ಸಂಜೆ ಟೈಲರ್ ದಿಂಬಿನಡಿಯಿಂದ ಒಂದು ಚೀಲ ತೆಗೆದ. ಮಲಗಿದಲ್ಲೇ ಕೈಯಿಂದ ಹೊಲಿದದ್ದು. ಹೊರಗೆ ದಪ್ಪ ಬಟ್ಟೆ, ಒಳಗೆ ಮಖಮಲ್ಲು, ಹೊಲಿಗೆಯ ಗಂಟೊಂದೂ ಒಳಗೆ ತಾಗದಂತೆ ಮಡಿಚಿದ ಅಂಚು.

“ತಟ್ಟೆಗೆ. ಗೀರು ಬೀಳಬಾರ್ದು ನೋಡು.”

“ಅಳತೆ... ಅಳತೆ ಹೇಗೆ ಸಿಕ್ತೋ?”

“ಕಿಟಕೀಲಿ ನೋಡಿದ್ನಲ್ಲ. ಟೈಲರ್ ಕಣ್ಣು ಕಣೋ ಇದು.”

ಮರುದಿನ ಮೇಸ್ತ್ರಿ ಆ ಚೀಲದಲ್ಲೇ ತುಂಡುಗಳನ್ನು ತಂದ. ಚೀಲ ತುಂಬಿರುವುದನ್ನು ಕಂಡು ಟೈಲರನ ಮುಖ ಅರಳಿತು. ಎರಡೂ ಕೈಯಲ್ಲಿ ಇಸಿದುಕೊಂಡ. ಒಳಗೆ ಒಂದಕ್ಕೊಂದು ತಾಗಿ ಸದ್ದಾಯಿತು. ಅವನ ಕೈ ಅಲ್ಲೇ ನಿಂತಿತು.

ಮೇಸ್ತ್ರಿ ಎಲ್ಲವನ್ನೂ ಹೇಳಿದ. ಗಾಜಿನ ಬುಡ, ಬಿಸಿಲು, ಪ್ರೆಸ್ಸು, ಇಲ್ಲದ ಮುಳ್ಳು. ಟೈಲರ್ ಒಂದು ತುಂಡನ್ನು ತೆಗೆದು, ಅದರ ಗೆರೆಗಳ ಮೇಲೆ ಉಗುರಾಡಿಸಿದ.

“ಅವತ್ತೇ ಹೇಳ್ಬಾರ್ದಿತ್ತಾ?”

“ಹೇಳೋಕೆ ಮುಖ ಇರ್ಲಿಲ್ಲ ಕಣೋ.”

“ದಿನಾ ಎತ್ತೋಕೆ ಮಾತ್ರ ಇತ್ತಲ್ಲ.”

“ಬೈಯೋ. ಕೈಗೆ ಸಿಕ್ಕಿದ್ದು ತಗೊಂಡು ಎರಡು ಬಿಡು. ‘ಇನ್ನು ಮನೆಗೆ ಬರ್ಬೇಡ’ ಅನ್ನು.”

ಟೈಲರ್ ತುಂಡನ್ನು ಚೀಲದೊಳಗಿಟ್ಟು ದಾರ ಬಿಗಿದ. “ಹೇಗೆ ಅನ್ಲಿ? ಬರ್ಬೇಡ ಅಂದ್ರೆ ನಾಳೆ ನನ್ನ ಎತ್ತೋರ್ಯಾರು?”

ಗೆಳೆಯನಿಂದ ಕೋಪಿಸಿಕೊಳ್ಳುವ ಹಕ್ಕನ್ನೂ ತಾನು ಕಿತ್ತುಕೊಂಡಿದ್ದೇನೆಂದು ಮೇಸ್ತ್ರಿಗೆ ಆಗ ಹೊಳೆಯಿತು. ತಟ್ಟೆ ಒಡೆದಾಗಲೂ ಅವನಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಟೈಲರನ ಮನೆಯ ಹೊಸಿಲಲ್ಲಿ ಅವನ ಫೋನು ಬಡಿದುಕೊಂಡಿತು. “ಇಲ್ಲ, ಬಂದಿಲ್ಲ. ಮಧ್ಯಾಹ್ನ ಆಗುತ್ತೆ,” ಎಂದ. ಆ ಕಡೆಯವನು ನಂಬರು ತಪ್ಪಿತೆಂದುಕೊಂಡು ಇಟ್ಟುಬಿಟ್ಟ.

ಹಾಸಿಗೆಯ ಬಳಿ ಹೋಗಿ ಬಾಗಿದ. ಟೈಲರನ ಕೈಗಳೆರಡೂ ಎಂದಿನಂತೆ ಅವನ ಕೊರಳಿಗೆ ಬಂದವು. ಮುಖ ಮಾತ್ರ ಗೋಡೆಯ ಕಡೆಗಿತ್ತು. ಮೇಸ್ತ್ರಿ ಎಂದಿಗಿಂತ ಮೆಲ್ಲಗೆ ಎತ್ತಿದ. ಎತ್ತಿ ಹಿಡಿದುಕೊಂಡು, ‘ಎಂಜಿನ್ ಅಲ್ಲ ಕಣೋ’ ಎಂಬ ಮಾತಿಗಾಗಿ ಒಂದು ಗಳಿಗೆ ಕಾದ. ಟೈಲರ್ ಏನೂ ಅನ್ನಲಿಲ್ಲ.