ಮೂರನೆಯ ಹೆಸರು

ನಮ್ಮ ಬೀಗರ ಕಡೆಯಲ್ಲಿ ಹಿರಿಯರೆಂದು ಇದ್ದದ್ದು ಒಬ್ಬರೇ, ಅಳಿಯನ ತಾತ. ಹುಡುಗ ಚಿಕ್ಕವನಿದ್ದಾಗಲೇ ಅವನ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಅಡಿಲೇಡಿನ ಈ ಮುದುಕರೇ ಅವನನ್ನು ಸಾಕಿದ್ದರು. ನಮ್ಮ ಮಗಳು ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಓದುವಾಗ ಅವನನ್ನು ಮೆಚ್ಚಿಕೊಂಡಳು. ಬೇಡ ಎನ್ನಲು ನನಗೆ ಧೈರ್ಯವಿರಲಿಲ್ಲ, ಕಾರಣವೂ ಸಿಗಲಿಲ್ಲ.

ಮುದುಕರಿಗೆ ತಮ್ಮ ಕುಲದ ಹೆಸರಿನ ಹುಚ್ಚು. ‘ಮ್ಯಾಕ್’ ಎಂದು ಶುರುವಾಗುವ ಸ್ಕಾಟ್ಲೆಂಡಿನ ಹೆಸರು. ಮ್ಯಾಕ್ ಎಂದರೆ ಮಗ. ಯಾವನೋ ವೀರ ದೋಣಿಯಲ್ಲಿ ಬಂದು ಒಂದು ದ್ವೀಪ ಹಿಡಿದನಂತೆ, ಅವನ ಮಕ್ಕಳೇ ಇವರೆಲ್ಲ. ಮದುವೆಗೆಂದು ಪರ್ತ್‌ಗೆ ಬಂದವರು ನಮ್ಮ ಹಿತ್ತಲಲ್ಲಿ ಮಾಂಸ ಸುಡುವ ಬಾರ್ಬಿ ಒಲೆಯ ಮುಂದೆ ಕೂತು ಎಲ್ಲವನ್ನೂ ಹೇಳಿದರು. ಕುಲಕ್ಕೊಂದು ಚೌಕುಳಿ ಬಟ್ಟೆ, ಒಂದು ಲಾಂಛನ, ಅಡಿಲೇಡಿನಲ್ಲಿ ಒಂದು ಸಂಘ. ಕೋಟೆ ಹಾಳುಬಿದ್ದಿದೆ, ಆದರೆ ಪಕ್ಕದ ಟೀ ಅಂಗಡಿಯಲ್ಲಿ ಲಾಂಛನವಿರುವ ಟವೆಲ್ ಸಿಗುತ್ತದೆ. ನನ್ನ ಹೆಂಡತಿಗೂ ಒಂದು ತಂದಿದ್ದರು.

“ಇದ್ರಲ್ಲಿ ಪಾತ್ರೆ ಒರೆಸ್ಬೇಕಾ, ಪೂಜೆ ಮಾಡ್ಬೇಕಾ?” ಎಂದು ಅವಳು ನನ್ನ ಕಿವಿಯಲ್ಲಿ ಕೇಳಿದಳು.

ನಗು ತಡೆದುಕೊಂಡೆ. ನಾವು ಇಂಥ ಋಷಿಯ ಸಂತತಿ ಎಂದು ಎದೆಯುಬ್ಬಿಸುವ ನಮ್ಮವರೇನು ಕಡಿಮೆಯೇ? ಋಷಿಮೂಲ, ನದಿಮೂಲ ಹುಡುಕಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸ್ಕಾಟ್ಲೆಂಡಿನ ಒಕ್ಕಲುಗಳೂ ಒಡೆಯನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರೆಂದು ಎಲ್ಲೋ ಓದಿದ್ದನ್ನು ಹೇಳಿದೆ. “ನಾವು ಹಾಗಲ್ಲ, ನೇರ ನಾಯಕನ ರಕ್ತ,” ಎಂದು ಅಳಿಯ ಹೆಮ್ಮೆಯಿಂದ ಹೇಳಿದ. ತಾತ ಬೆಂಕಿ ಕೆದಕುತ್ತಿದ್ದರು.

ಮದುವೆ ಬೆಂಟ್ಲಿಯ ಹತ್ತಿರದ ಹಾಲ್‌ನಲ್ಲಿ. ವೆಲ್ಷ್‌ಪೂಲಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಮೈಸೂರಿನ ಹುಡುಗನೇ ಪುರೋಹಿತ. ಧಾರೆಯ ಹೊತ್ತಿಗೆ ಅವನು ಮೈಕ್ ಹಿಡಿದೇ ಕೇಳಿದ.

“ಸರ್, ಗೋತ್ರ ಗೊತ್ತಿಲ್ದಿದ್ರೆ ಕಾಶ್ಯಪ ಅಂತ ಹಾಕ್ಬಿಡ್ತೀನಿ. ಆದ್ರೆ ಗಂಡಿನ ಅಪ್ಪ, ತಾತ, ಮುತ್ತಾತ, ಮೂರು ಹೆಸರು ಬೇಕು.”

ಗೋತ್ರದ್ದೇ ಚಿಂತೆಯಾಗಿದ್ದ ನನಗೆ ಹಾಯೆನಿಸಿತು. ಮಗಳಿಂದ ಅರ್ಥ ತಿಳಿದುಕೊಂಡು ಅಳಿಯ ಎರಡು ಹೆಸರು ಹೇಳಿ, ಮುಂದಿನ ಸಾಲಿನಲ್ಲಿ ಕುಲದ ಚೌಕುಳಿ ಬಟ್ಟೆಯ ಲಂಗದಂಥ ಕಿಲ್ಟ್ ಉಟ್ಟು ಕೂತಿದ್ದ ತಾತನತ್ತ ತಿರುಗಿದ. “ಪಾಪ್, ನಿಮ್ಮ ಅಪ್ಪನ ಹೆಸರೇನು?”

ಅವರು ಕಿಲ್ಟಿನ ನೆರಿಗೆ ಸರಿಮಾಡಿಕೊಂಡರು. ಕಿವಿ ಕೇಳಿಸಲಿಲ್ಲವೇನೋ ಎಂದು ಅವನು ಜೋರಾಗಿ ಇನ್ನೊಮ್ಮೆ ಕೇಳಿದ.

“ಗೊತ್ತಿಲ್ಲ,” ಎಂದರು ಮುದುಕರು. “ಚಿಕ್ಕವನಿದ್ದಾಗ ನನ್ನನ್ನು ಅಲ್ಲಿನ ಅನಾಥಾಶ್ರಮದಿಂದ ಹಡಗು ಹತ್ತಿಸಿ ಇಲ್ಲಿಗೆ ಕಳಿಸಿದ್ರು. ಈ ಹೆಸರು ಇಟ್ಟಿದ್ದೂ ಅವರೇ. ಅಪ್ಪ ಯಾರು ಅಂತ ಯಾರೂ ಹೇಳ್ಲಿಲ್ಲ.”

ಅಡಿಲೇಡಿನಿಂದ ಬಂದಿದ್ದ ಅವರ ಸಂಘದವರು ಅದೇ ಚೌಕುಳಿ ಬಟ್ಟೆಯಲ್ಲಿ ಹಿಂದೆ ಕೂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಅಳಿಯನ ಮುಖ ನೋಡಲಾಗಲಿಲ್ಲ. ಕೇಳದೇ ಇರಬಹುದಿತ್ತಲ್ಲ ಎಂದುಕೊಂಡೆ. ಯಾರ ಮೇಲೆ ಸಿಟ್ಟಾಗಲಿ?

“ಮುಹೂರ್ತ ಮೀರ್ತಾ ಇದೆ ಸರ್,” ಎಂದು ಪುರೋಹಿತ ಪಿಸುಗುಟ್ಟಿದ. “ಆ ಕುಲದ ಮೂಲಪುರುಷನ ಹೆಸರೇ ಹೇಳ್ಬಿಡೋಣ.”

ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. “ಬೇಡ,” ಎಂದರು ಮುದುಕರು. “ಅವನು ನನಗೆ ಏನೂ ಆಗಬೇಕಿಲ್ಲ.”

ಅಳಿಯನ ಬೊಗಸೆಯ ಮೇಲೆ ಮಗಳ ಕೈ, ಅದರಲ್ಲಿ ತೆಂಗಿನಕಾಯಿ, ಅದರ ಮೇಲೆ ನನ್ನ ಕೈ. ಹೆಂಡತಿ ನೀರು ಬಿಡತೊಡಗಿದಳು. ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ ಎಂದು ಪುರೋಹಿತ ಹೇಳಿಕೊಟ್ಟಂತೆ ನಾನು ಮೂರು ಸಲ ಸಂಸ್ಕೃತದಲ್ಲಿ ಹೇಳಬೇಕು. ಮೊದಲ ಸಲ ಮುತ್ತಾತನ ಹೆಸರು ಬರುವಲ್ಲಿ ಪುರೋಹಿತ ತಡೆದ, ನಾನೂ ತಡೆದೆ, ಹಾರಿಸಿ ಮುಂದೆ ಹೋದೆವು. ಎರಡನೆಯ ಸಲವೂ ಹಾಗೆಯೇ. ಇಡೀ ಹಾಲ್‌ಗೆ ಆ ಖಾಲಿ ಜಾಗ ಕೇಳಿಸುತ್ತಿತ್ತು.

ಮೂರನೆಯ ಸಲ ಮುದುಕರು ಎದ್ದು ನಿಂತರು.

“ಮೇಟ್, ಆ ಜಾಗಕ್ಕೆ ಡ್ಯಾಡ್ ಅಂತ ಹೇಳಿ. ನಾನು ಯಾರನ್ನೂ ಹಾಗೆ ಕರೆದಿಲ್ಲ.”

ಸಂಸ್ಕೃತದ ನಡುವೆ ನಾನು ‘ಡ್ಯಾಡ್’ ಎಂದೆ. ಪುರೋಹಿತ ಆಕ್ಷೇಪಿಸದೆ ಮುಂದಿನ ಪದ ಸೇರಿಸಿದ. ಮುದುಕರು ಕುರ್ಚಿಯ ಬೆನ್ನು ಹಿಡಿದು ಬಿಕ್ಕಿ ಬಿಕ್ಕಿ ಅಳತೊಡಗಿದರು. ಅಳಿಯ ಅವರನ್ನೇ ನೋಡುತ್ತಿದ್ದ, ನಾನೂ ನೋಡುತ್ತಿದ್ದೆ. ನೀರು ಬೀಳುತ್ತಲೇ ಇತ್ತು. ಧಾರೆ ಮುಗಿಯುವ ತನಕ ನಾವಿಬ್ಬರೂ ಕೈ ತೆಗೆಯುವಂತಿರಲಿಲ್ಲ.