ಯಾರೂ ಎತ್ತದ ಕಾಲು

ನಮ್ಮ ಕೆಂಟಕಿ ಬೆಟ್ಟಗಳ ಬ್ಯಾಂಜೋ ಹಬ್ಬದಲ್ಲಿ ಹಾಡು ಮುಗಿಸುವುದಕ್ಕೆ ಒಂದು ಪದ್ಧತಿಯಿದೆ. ಸುತ್ತ ಕೂತು ನುಡಿಸುವಾಗ, ಹಾಡು ಶುರುಮಾಡಿದವರು ಒಂದು ಕಾಲನ್ನು ಮುಂದಕ್ಕೆ ಎತ್ತಿದರೆ ಇದೇ ಕೊನೆಯ ಸುತ್ತು ಎಂದರ್ಥ.

ನನ್ನಣ್ಣ ಆರ್ಲಿಸ್‌ನ ಕಿವಿಗಳನ್ನು ಕಲ್ಲಿದ್ದಲ ಗಣಿಯ ಯಂತ್ರಗಳು ಯಾವತ್ತೋ ತಿಂದುಹಾಕಿದ್ದವು. ಅದು ಗೊತ್ತಿದ್ದದ್ದು ನನಗೆ ಮತ್ತು ಪಿಟೀಲು ನುಡಿಸುವ ಅವನ ಗೆಳೆಯ ಕ್ಲೀಟಸ್‌ಗೆ ಮಾತ್ರ. ಅಣ್ಣ ಕ್ಲೀಟಸ್‌ನ ಕೈ ನೋಡಿ ಬ್ಯಾಂಜೋ ಶುರುಮಾಡುತ್ತಿದ್ದ, ಕಾಲು ನೋಡಿ ನಿಲ್ಲಿಸುತ್ತಿದ್ದ.

"ಕಿವುಡ ಅಂತ ಗೊತ್ತಾದ್ರೆ ಚಪ್ಪಾಳೆ ಬಿಟ್ಟು ಅಯ್ಯೋ ಪಾಪ ಅಂತಾರೆ. ಬಾಯಿ ಮುಚ್ಕೊಂಡಿರು" ಎಂದು ನನ್ನನ್ನು ಗದರುತ್ತಿದ್ದ.

ಚಳಿಗಾಲದಲ್ಲಿ ಕ್ಲೀಟಸ್ ತೀರಿಕೊಂಡ. ಈ ಶನಿವಾರ ಅವನ ಕುರ್ಚಿಯಲ್ಲಿ ಬೇರೆ ಊರಿನ ಪಿಟೀಲುಗಾರನೊಬ್ಬ ಕೂತಿದ್ದ. ಆ ಪುಣ್ಯಾತ್ಮ ಕಾಲೆತ್ತಲಿಲ್ಲ; "ಇದೇ ಕೊನೇದು!" ಎಂದು ಬಾಯಲ್ಲಿ ಕೂಗಿದ. ಆ ಸುತ್ತು ಮುಗಿಯುತ್ತಲೇ ನಾವೆಲ್ಲರೂ ನಿಲ್ಲಿಸಿದೆವು. ಅಣ್ಣ ಮಾತ್ರ ತಲೆ ತಗ್ಗಿಸಿ, ಆ ಪಿಟೀಲುಗಾರನ ಬೂಟನ್ನೇ ನೋಡುತ್ತ ಬಾರಿಸುತ್ತಲೇ ಇದ್ದ.

ಜನ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ನಕ್ಕರು, ಆಮೇಲೆ ಸುಮ್ಮನಾದರು. ನನಗೆ ನೋಡಲಾಗಲಿಲ್ಲ. ಗಿಟಾರ್ ಕೆಳಗಿಟ್ಟು, ಅವನೆದುರು ಹೋಗಿ ನಿಂತು ನಾನೇ ಕಾಲೆತ್ತಿದೆ.

ಅವನು ಆ ಸುತ್ತನ್ನು ಅಚ್ಚುಕಟ್ಟಾಗಿ ಮುಗಿಸಿ ತಲೆಯೆತ್ತಿದ. ಎಲ್ಲರ ಕೈಗಳೂ ತೊಡೆಯ ಮೇಲಿದ್ದವು.

"ಎಷ್ಟು ಹೊತ್ತಾಯ್ತೇ ಇವ್ರು ನಿಲ್ಸಿ?" ಎಂದು ಜೋರಾಗಿ ಕೇಳಿದ.

"ಈಗಷ್ಟೇ, ಅಣ್ಣ" ಎಂದೆ. ಅವನು ನನ್ನ ತುಟಿಯ ಕಡೆ ನೋಡಲೇ ಇಲ್ಲ. ಬ್ಯಾಂಜೋದ ತಂತಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ.

ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ ಪಾಪ" ಅಂದರು. ಅದು ಕೇಳಿಸದಿದ್ದರೂ ಅವನು ತಲೆ ತಗ್ಗಿಸಿದ.